ಪಿಂಗಾಣಿಯ ಚೂರು ಹೇಳುವ ಕಥೆ

ನಿಮ್ಮ ಮನೆಯಲ್ಲಿ ಹಳೆಯ ಪಿಂಗಾಣಿ ತಟ್ಟೆಯೊಂದಿದ್ದರೆ ಅದನ್ನು ಮಗುಚಿ ಬೆಳಕಿಗೆ ಹಿಡಿದು ನೋಡಿ. ಅಂಚಿನ ಸಮೀಪದಲ್ಲಿ ಮೂರು ಕಡೆ ಸಾಸಿವೆ ಕಾಳಿನಷ್ಟು ಸಣ್ಣ ಕಲೆಗಳು ಬೆರಳಿಗೆ ತಗುಲಬಹುದು. ಮೆರುಗು ಬಳಿದ ತಟ್ಟೆಯನ್ನು ಆವಿಗೆಯಲ್ಲಿ ಸುಡುವಾಗ ಆ ಮೆರುಗು ಕರಗಿ ಗಾಜಾಗುತ್ತದೆ. ತಟ್ಟೆ ಆಗ ಯಾವುದರ ಮೇಲೆ ಕುಳಿತಿದೆಯೋ ಅದಕ್ಕೆ ಅಂಟಿಕೊಂಡುಬಿಡುತ್ತದೆ. ಹೀಗಾಗದಿರಲೆಂದು ತಟ್ಟೆಯನ್ನು ಮೂರು ಚೂಪು ಮೊನೆಗಳುಳ್ಳ ಒಂದು ಪುಟ್ಟ ಮಣ್ಣಿನ ಮಣೆಯ ಮೇಲೆ ಕೂರಿಸುತ್ತಿದ್ದರು. ಸುಟ್ಟು ಆರಿದ ಮೇಲೆ ಮೆಲ್ಲನೆ ತಟ್ಟಿ ಬಿಡಿಸಿದರೆ ಮೂರು ಚುಕ್ಕೆಗಳು ಉಳಿಯುತ್ತಿದ್ದವು. ತಟ್ಟೆ ಅಂಗಡಿಗೆ ಹೋಗುತ್ತಿತ್ತು; ಮಣ್ಣಿನ ಮಣೆ ತಿಪ್ಪೆಗೆ ಹೋಗುತ್ತಿತ್ತು.

ಆ ತಿಪ್ಪೆಗೆ ಹೋದ ಮಣೆಯನ್ನೂ ಅದರ ಜೊತೆಗಾರರಾದ ಸಾವಿರಾರು ಚೂರುಗಳನ್ನೂ ಎತ್ತಿಕೊಂಡು ಬಂದು, ಅವುಗಳಿಂದಲೇ ತನ್ನ ಕಲೆಯನ್ನು ಕಟ್ಟಿದವರೊಬ್ಬರು ಇಂಗ್ಲೆಂಡಿನಲ್ಲಿದ್ದಾರೆ. ಅವರ ಹೆಸರು ನೀಲ್ ಬ್ರೌನ್ಸ್‌ವರ್ಡ್. ೧೯೭೦ರಲ್ಲಿ ಸ್ಟೋಕ್-ಆನ್-ಟ್ರೆಂಟ್ ಎಂಬ ಊರಿನಲ್ಲಿ ಹುಟ್ಟಿದವರು. ಮಣ್ಣು ಎಂಬ ನಿಸರ್ಗದ ವಸ್ತು, ಆ ಮಣ್ಣನ್ನು ನಂಬಿ ಬೆಳೆದು ಬಹುಪಾಲು ಅಳಿದ ಒಂದು ಕೈಗಾರಿಕೆ, ಇವೆರಡೂ ಅವರ ಕಲೆಗೆ ಆಧಾರ. ಅವರ ಕೆಲಸ ಅರ್ಥವಾಗಬೇಕಾದರೆ ಮೊದಲು ಆ ಊರನ್ನು ತಿಳಿಯಬೇಕು. ಆದ್ದರಿಂದ ವಾಚಕರು ಒಂದಿಷ್ಟು ದೂರ ನಮ್ಮೊಡನೆ ಹಿಂದಕ್ಕೆ ನಡೆದು ಬರಬೇಕು.

ಸ್ಟೋಕ್-ಆನ್-ಟ್ರೆಂಟ್ ಎಂಬುದು ಒಂದೇ ಊರಲ್ಲ. ಟನ್‌ಸ್ಟಲ್, ಬರ್ಸ್ಲೆಮ್, ಹ್ಯಾನ್ಲಿ, ಸ್ಟೋಕ್, ಫೆಂಟನ್, ಲಾಂಗ್ಟನ್ ಎಂಬ ಆರು ಊರುಗಳು ಒಂದಕ್ಕೊಂದು ಹೆಗಲು ತಾಗಿಸಿಕೊಂಡು ಸಾಲಾಗಿ ನಿಂತಿವೆ. ೧೯೧೦ರಲ್ಲಿ ಅವನ್ನು ಒಂದೇ ಆಡಳಿತಕ್ಕೆ ಸೇರಿಸಿದರು. ೧೯೨೫ರಲ್ಲಿ ನಗರವೆಂಬ ಪದವಿ ಬಂದಿತು. ಈ ಸೀಮೆಗೆ ಜನ ಇಟ್ಟ ಹೆಸರು ಮಾತ್ರ ಸರಳವಾದದ್ದು: ‘ಪಾಟರೀಸ್’, ಎಂದರೆ ಕುಂಬಾರಿಕೆಯ ನಾಡು.

ಇಡೀ ಇಂಗ್ಲೆಂಡಿನಲ್ಲಿ ಕುಂಬಾರಿಕೆ ಇಲ್ಲಿಯೇ ಏಕೆ ಬೇರೂರಿತು? ಇಲ್ಲಿನ ನೆಲದಲ್ಲಿ ಜೇಡಿಮಣ್ಣೂ ಕಲ್ಲಿದ್ದಲೂ ಒಂದರ ಬಳಿ ಒಂದು ದೊರೆಯುತ್ತಿದ್ದವು. ಇಲ್ಲಿಯ ಮಣ್ಣು ಕೆಂಪು. ಬಿಳಿಯ ಪಾತ್ರೆಗೆ ಅದು ಒದಗದು. ಬಿಳಿಯ ಮಣ್ಣು ದೂರದ ಕಾರ್ನ್‌ವಾಲ್ ಸೀಮೆಯಲ್ಲಿತ್ತು. ಹಾಗಾದರೆ ಕಾರ್ಖಾನೆಗಳೇ ಕಾರ್ನ್‌ವಾಲಿಗೆ ಏಕೆ ಹೋಗಲಿಲ್ಲ ಎಂದು ನೀವು ಕೇಳಬಹುದು. ಒಂದು ಮಣ ಮಣ್ಣನ್ನು ಸುಡಲು ಅದರ ಅನೇಕ ಪಟ್ಟು ತೂಕದ ಕಲ್ಲಿದ್ದಲು ಬೇಕಾಗುತ್ತಿತ್ತು. ಇದ್ದಲನ್ನು ಮಣ್ಣಿನ ಬಳಿಗೆ ಸಾಗಿಸುವುದಕ್ಕಿಂತ ಮಣ್ಣನ್ನು ಇದ್ದಲಿನ ಬಳಿಗೆ ತರುವುದು ಅಗ್ಗ. ಆದ್ದರಿಂದ ಬಿಳಿಯ ಮಣ್ಣು ಹಡಗಿನಲ್ಲಿ ಬಂತು. ಮೆರುಗಿಗೂ ಗಟ್ಟಿತನಕ್ಕೂ ಬೇಕಾದ ಬೆಣಚುಕಲ್ಲು ಕಡಲ ಕರೆಯಿಂದ ಬಂತು. ದನಗಳ ಎಲುಬು ಕಸಾಯಿಖಾನೆಗಳಿಂದ ಬಂತು. ಸುಟ್ಟ ಎಲುಬಿನ ಬೂದಿ ಅರ್ಧ, ಬಿಳಿಮಣ್ಣು ಕಾಲು, ಕಾರ್ನ್‌ವಾಲಿನ ಕಲ್ಲಿನ ಪುಡಿ ಕಾಲು ಎಂಬ ಲೆಕ್ಕದಲ್ಲಿ ಬೆರೆಸಿದರೆ, ದೀಪಕ್ಕೆ ಹಿಡಿದಾಗ ಬೆರಳಿನ ನೆರಳು ಕಾಣಿಸುವಷ್ಟು ತೆಳುವಾದ ‘ಬೋನ್ ಚೈನಾ’ ಆಗುತ್ತದೆ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಈ ಪಾಕವನ್ನು ಹದಗೊಳಿಸಿದ ಕೀರ್ತಿ ಸ್ಟೋಕ್ ಊರಿನ ಸ್ಪೋಡ್ ಮನೆತನಕ್ಕೆ ಸಲ್ಲುತ್ತದೆ. ಅದೇ ಕಾರ್ಖಾನೆ ಮುಂದೆ ನಮ್ಮ ದೇಶದ ಬೇಟೆಯ ದೃಶ್ಯಗಳನ್ನು, ಆನೆ ಹುಲಿಗಳ ಸಮೇತ, ನೀಲಿ ಬಣ್ಣದಲ್ಲಿ ತಟ್ಟೆಗಳ ಮೇಲೆ ಅಚ್ಚು ಹಾಕಿ ಮಾರಿತು. ಭಾರತವನ್ನು ಕಣ್ಣಿನಿಂದ ಕಾಣದ ಎಷ್ಟೋ ಇಂಗ್ಲಿಷ್ ಸಂಸಾರಗಳು ಅದನ್ನು ಊಟದ ತಟ್ಟೆಯ ಮೇಲೆ ನೋಡಿದವು.

ಈ ನಾಡಿನ ಅತ್ಯಂತ ಪ್ರಸಿದ್ಧ ಕುಂಬಾರ ಜೊಸಾಯ ವೆಜ್‌ವುಡ್. ೧೭೩೦ರಲ್ಲಿ ಬರ್ಸ್ಲೆಮ್ಮಿನಲ್ಲಿ ಕುಂಬಾರರ ಮನೆಯಲ್ಲಿಯೇ ಹುಟ್ಟಿದ ಈತನಿಗೆ ಬಾಲ್ಯದಲ್ಲಿ ಸಿಡುಬು ತಗುಲಿ ಒಂದು ಕಾಲು ಶಕ್ತಿಗುಂದಿತು. ಕಡೆಗೆ ೧೭೬೮ರಲ್ಲಿ ಅದನ್ನು ಕತ್ತರಿಸಬೇಕಾಯಿತು. ಕಾಲಿನಿಂದ ತುಳಿದು ತಿಗರಿ ತಿರುಗಿಸಲಾರದವನು ಮೆರುಗು ಮತ್ತು ಮಣ್ಣಿನ ಪರೀಕ್ಷೆಗೆ ಕೈ ಹಾಕಿದ. ಹಚ್ಚ ಹಸುರಿನ ಮೆರುಗೊಂದನ್ನು ಕಂಡುಹಿಡಿದು ಹೂಕೋಸು, ಅನಾನಸುಗಳ ಆಕಾರದ ಪಾತ್ರೆಗಳಿಗೆ ಬಳಸಿದ. ಇದು ಕಾರ್ಖಾನೆಯೊಳಗೆ ತೋಟವನ್ನು ತಂದಂತಾಯಿತು. ಸರಕು ಸಾಗಿಸಲು ಟ್ರೆಂಟ್ ಮತ್ತು ಮರ್ಸಿ ನದಿಗಳನ್ನು ಕೂಡಿಸುವ ಕಾಲುವೆಗೆ ೧೭೬೬ರಲ್ಲಿ ಮೊದಲ ಗುದ್ದಲಿ ಹಾಕಿದವನೂ ಅವನೇ. ೧೭೬೯ರಲ್ಲಿ ಆ ಕಾಲುವೆಯ ದಾರಿಯಲ್ಲಿಯೇ ಎಟ್ರೂರಿಯ ಎಂಬ ಕಾರ್ಖಾನೆಯನ್ನು ತೆರೆದ. ಆವಿಗೆಯೊಳಗಿನ ಕಾವನ್ನು ಅಳೆಯಲು ಒಂದು ಉಪಕರಣವನ್ನು ಕಟ್ಟಿ, ಅದಕ್ಕಾಗಿ ರಾಯಲ್ ಸೊಸೈಟಿಯ ಸದಸ್ಯತ್ವವನ್ನು ಪಡೆದ. ಅವನ ಮಗಳು ಸೂಸನಾಳ ಮಗನೇ ನಿಸರ್ಗಶಾಸ್ತ್ರಜ್ಞನೆಂದು ಲೋಕವೆಲ್ಲ ಬಲ್ಲ ಚಾರ್ಲ್ಸ್ ಡಾರ್ವಿನ್.

ವೆಜ್‌ವುಡ್ ಮಾಡಿದ ಬಹು ದೊಡ್ಡ ಬದಲಾವಣೆ ಕೆಲಸದ ಹಂಚಿಕೆ. ಮೊದಲು ಒಬ್ಬ ಕುಂಬಾರನೇ ಮಣ್ಣು ತುಳಿದು, ತಿಗರಿಯ ಮೇಲೆ ಎತ್ತಿ, ಹಿಡಿ ಅಂಟಿಸಿ, ಸುಡುತ್ತಿದ್ದ. ಈಗ ಒಬ್ಬನದು ಮಾದರಿ ಕೆತ್ತುವ ಕೆಲಸ, ಮತ್ತೊಬ್ಬನದು ಅಚ್ಚು ಹೊಯ್ಯುವ ಕೆಲಸ, ಇನ್ನೊಬ್ಬನದು ಹಿಡಿ ಕೂಡಿಸುವ ಕೆಲಸ. ತಾಮ್ರದ ಹಾಳೆಯ ಮೇಲೆ ಚಿತ್ರ ಕೊರೆಯುವವರು ಬೇರೆ, ಕುಂಚದಿಂದ ಬಂಗಾರದ ಅಂಚು ಎಳೆಯುವವರು ಬೇರೆ, ಪಿಂಗಾಣಿಯ ಹೂವು ಮಾಡುವ ಹೆಂಗಸರು ಬೇರೆ. ಒಂದೇ ಕೆಲಸವನ್ನು ಮೂವತ್ತು ನಲವತ್ತು ವರ್ಷ ಮಾಡಿದ ಕೈಗೆ ಯಾವ ಪುಸ್ತಕದಲ್ಲಿಯೂ ಬರೆಯಲಾಗದ ಒಂದು ಜಾಣತನ ಬರುತ್ತದೆ. ಈ ಮಾತನ್ನು ನೆನಪಿನಲ್ಲಿಡಿ. ಮುಂದೆ ಇದರಿಂದ ಕೆಲಸವಿದೆ.

ಇನ್ನು ಆ ಊರಿನ ಆವಿಗೆಗಳ ವಿಚಾರ. ದೂರದಿಂದ ನೋಡಿದವರಿಗೆ ಅವು ಮನೆಗಳ ನಡುವೆ ನಿಲ್ಲಿಸಿದ ಭಾರಿ ಸೀಸೆಗಳಂತೆ ಕಾಣುತ್ತಿದ್ದವು. ಹೊರಗಿನ ಸೀಸೆಯಾಕಾರದ ಇಟ್ಟಿಗೆ ಗೋಡೆ ಬರಿಯ ಹೊಗೆಗೂಡು. ಗಾಳಿಯ ಸೆಳೆತವನ್ನು ಕಾಪಾಡುವುದು ಅದರ ಕೆಲಸ. ಅದರೊಳಗೆ ಗುಮ್ಮಟದಂಥ ಮತ್ತೊಂದು ಕೋಣೆ. ನಿಜವಾದ ಆವಿಗೆ ಅದೇ. ಅದರ ಬುಡದಲ್ಲಿ ಸುತ್ತಲೂ ಬೆಂಕಿಯ ಬಾಯಿಗಳು. ಪಾತ್ರೆಗಳಿಗೆ ಹೊಗೆಯೂ ಉರಿಯೂ ನೇರವಾಗಿ ತಗುಲದಂತೆ ಅವನ್ನು ಒರಟು ಬೆಂಕಿಮಣ್ಣಿನ ಡಬ್ಬಗಳಲ್ಲಿ ತುಂಬಿ, ಡಬ್ಬದ ಮೇಲೆ ಡಬ್ಬವನ್ನು ಸೂರಿನವರೆಗೆ ಪೇರಿಸುತ್ತಿದ್ದರು. ಈ ಡಬ್ಬಕ್ಕೆ ಅವರು ‘ಸ್ಯಾಗರ್’ ಎನ್ನುತ್ತಾರೆ. ಬಾಗಿಲನ್ನು ಇಟ್ಟಿಗೆಯಿಂದ ಮುಚ್ಚಿ ಬೆಂಕಿ ಹಾಕಿದರೆ ಎರಡು ಮೂರು ದಿನ ಹಗಲಿರುಳು ಉರಿ. ಬೆಂಕಿಯ ಯಜಮಾನ ಬಳಿಯಲ್ಲಿಯೇ ಮಲಗುತ್ತಿದ್ದ. ಉರಿಯ ಬಣ್ಣ ನೋಡಿ ಕಾವನ್ನು ಹೇಳುವ ಕಣ್ಣು ಅವನದು. ಅವನು ತಪ್ಪಿದರೆ ಸಾವಿರಾರು ಪಾತ್ರೆಗಳು ಒಂದೇ ರಾತ್ರಿಗೆ ಹಾಳು.

ಉಚ್ಛ್ರಾಯದ ಕಾಲದಲ್ಲಿ ಇಂಥ ಆವಿಗೆಗಳು ಎರಡು ಸಾವಿರಕ್ಕೂ ಹೆಚ್ಚಿದ್ದವು. ಅವೆಲ್ಲ ಸರದಿಯಂತೆ ಉರಿಯುವಾಗ ನಡುಹಗಲೇ ಬೀದಿ ಕತ್ತಲಾಗುತ್ತಿತ್ತು. ಆ ಕಾಲವನ್ನು ನೆನೆದು ಹಾಡಿ ಹೊಗಳುವುದು ಸುಲಭ. ಆದರೆ ಅದಕ್ಕೆ ತೆತ್ತ ಬೆಲೆಯನ್ನು ಮರೆಯಬಾರದು. ಬೆಣಚುಕಲ್ಲಿನ ನುಣ್ಣನೆಯ ಧೂಳು ಉಸಿರಿನೊಡನೆ ಒಳಹೊಕ್ಕು ಶ್ವಾಸಕೋಶವನ್ನು ಕಲ್ಲಾಗಿಸುತ್ತಿತ್ತು. ಮೆರುಗಿನ ಸೀಸ ಅದನ್ನು ಕಲಸುವವರ, ಅದ್ದುವವರ ಮೈಗೆ ವಿಷವಾಗುತ್ತಿತ್ತು. ಚಿಕ್ಕ ಮಕ್ಕಳು ಅಚ್ಚುಗಳನ್ನು ಹೊತ್ತು ಬಿಸಿ ಕೋಣೆಗಳ ನಡುವೆ ಓಡಾಡುತ್ತಿದ್ದರು. ಚಹದ ಬಟ್ಟಲಿನ ಬಿಳುಪಿನ ಹಿಂದೆ ಈ ಕಪ್ಪೂ ಇತ್ತು.

ಎರಡನೆಯ ಮಹಾಯುದ್ಧದ ತರುವಾಯ ಎಲ್ಲವೂ ಬದಲಾಯಿತು. ೧೯೫೬ರಲ್ಲಿ ಇಂಗ್ಲೆಂಡಿನಲ್ಲಿ ಶುದ್ಧವಾಯು ಕಾಯಿದೆ ಬಂದಿತು. ಕಲ್ಲಿದ್ದಲಿನ ಆವಿಗೆಗಳ ಸ್ಥಾನಕ್ಕೆ ಅನಿಲದ ಮತ್ತು ವಿದ್ಯುತ್ತಿನ ಒಲೆಗಳು ಬಂದವು. ಆಕಾಶ ತಿಳಿಯಾಯಿತು, ಜನರ ಎದೆಗೂ ಒಳ್ಳೆಯದಾಯಿತು. ೧೯೭೮ರಲ್ಲಿ, ಮುಂದಿನವರಿಗೆ ದಾಖಲೆ ಇರಲೆಂದು, ಲಾಂಗ್ಟನ್ನಿನಲ್ಲಿ ಕೊನೆಯ ಬಾರಿ ಒಂದು ಸೀಸೆಯಾಕಾರದ ಆವಿಗೆಯನ್ನು ಉರಿಸಿದರು. ಹಳೆಯ ಕೆಲಸಗಾರರು ಮತ್ತೆ ಕೂಡಿ ಮಾಡಿದ ಕೆಲಸ ಅದು. ಇಂದು ಅಲ್ಲಿ ಉಳಿದು ನಿಂತಿರುವ ಆವಿಗೆಗಳು ಐವತ್ತಕ್ಕಿಂತ ಕಡಮೆ.

ಆವಿಗೆಗಳು ಹೋದರೂ ಕಾರ್ಖಾನೆಗಳು ಉಳಿಯಬಹುದಾಗಿತ್ತು. ಆದರೆ ಒಂದೆಡೆ ಯಂತ್ರಗಳು ಕೈಗಳ ಕೆಲಸವನ್ನು ವಹಿಸಿಕೊಂಡವು. ಇನ್ನೊಂದೆಡೆ ಕೂಲಿ ಕಡಮೆಯಿರುವ ಏಷ್ಯದ ದೇಶಗಳಿಗೆ ತಯಾರಿಕೆ ಹೋಯಿತು. ಹಿಂದೆ ಹತ್ತಾರು ಸಾವಿರ ಜನರಿಗೆ ಅನ್ನ ಕೊಟ್ಟ ಉದ್ಯಮ ಕೆಲವೇ ಸಾವಿರಕ್ಕೆ ಇಳಿಯಿತು. ಇನ್ನೂರು ವರ್ಷಕ್ಕೂ ಮೇಲ್ಪಟ್ಟು ಒಂದೇ ಸ್ಥಳದಲ್ಲಿ ನಡೆದ ಸ್ಪೋಡ್ ಕಾರ್ಖಾನೆ ೨೦೦೮ರಲ್ಲಿ ಮುಚ್ಚಿತು. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂದು ನಮ್ಮವರು ಸುಮ್ಮನೆ ಹೇಳಲಿಲ್ಲ. ಗಡಿಗೆಗೆ ಹೇಳಿದ ಮಾತು ಅಲ್ಲಿ ಇಡೀ ಕಸುಬಿಗೇ ಸಂದಿತು.

ಬ್ರೌನ್ಸ್‌ವರ್ಡ್ ಬೆಳೆದುದು ಈ ಇಳಿಗಾಲದಲ್ಲಿ. ೧೯೮೦ರ ದಶಕದ ನಡುವಿನಲ್ಲಿ, ಇನ್ನೂ ಹದಿಹರೆಯದ ಹುಡುಗನಾಗಿದ್ದಾಗ, ಅವರು ವೆಜ್‌ವುಡ್ ಕಾರ್ಖಾನೆಯಲ್ಲಿ ಮಾದರಿ ಕೆತ್ತುವ ಕೆಲಸಕ್ಕೆ ಉಮೇದುವಾರರಾಗಿ ಸೇರಿದರು. ಅನಂತರ ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ನಲ್ಲಿ ಓದಿದರು; ತಮ್ಮ ಊರಿನ ಕೈಗಾರಿಕೆಯ ಬದಲಾವಣೆಯನ್ನೇ ವಿಷಯವಾಗಿರಿಸಿಕೊಂಡು ಡಾಕ್ಟರೇಟ್ ಪ್ರಬಂಧವನ್ನು ಬರೆದರು. ಆ ಉದ್ಯಮವನ್ನು ಒಳಗಿನಿಂದ ಕೆಲಸಗಾರನ ಕಣ್ಣಿನಲ್ಲಿಯೂ, ಹೊರಗಿನಿಂದ ವಿದ್ವಾಂಸನ ಕಣ್ಣಿನಲ್ಲಿಯೂ ನೋಡಿದ ಕಲಾವಿದರು ಬಹಳ ಮಂದಿ ಇಲ್ಲ.

ಅವರ ಕಚ್ಚಾವಸ್ತು ಯಾವುದೆಂದರೆ, ಉಳಿದವರು ಎಸೆದದ್ದು. ಆ ಊರಿನಲ್ಲಿ ಎಲ್ಲಿ ಅಗೆದರೂ ಚೂರುಗಳು ಸಿಕ್ಕುತ್ತವೆ. ಇನ್ನೂರು ಮುನ್ನೂರು ವರ್ಷ ಕಾರ್ಖಾನೆಗಳು ಸೊಟ್ಟಗಾದ ಪಾತ್ರೆ, ಒಡೆದ ಸ್ಯಾಗರ್, ನಾವು ಮೊದಲು ಕಂಡ ಮೂರು ಮೊನೆಯ ಮಣೆ, ಅಂಚು ಕತ್ತರಿಸಿದಾಗ ಬಿದ್ದ ಮಣ್ಣಿನ ಸುರುಳಿ, ಇವೆಲ್ಲವನ್ನೂ ಹಳ್ಳ ಕೊಳ್ಳಗಳಿಗೆ ಸುರಿದಿವೆ. ಎಷ್ಟೋ ಮನೆಗಳು ನಿಂತಿರುವುದೇ ಈ ರಾಶಿಯ ಮೇಲೆ. ಬ್ರೌನ್ಸ್‌ವರ್ಡ್ ಇವನ್ನು ಆರಿಸಿ ತಂದು, ಕೆಲವನ್ನು ಹಾಗೆಯೇ ಸಾಲಾಗಿ ಇಡುತ್ತಾರೆ. ಕೆಲವನ್ನು ಮತ್ತೆ ಬೆಂಕಿಗೆ ಕೊಡುತ್ತಾರೆ. ಎರಡನೆಯ ಬೆಂಕಿಯಲ್ಲಿ ಮೆರುಗು ಮತ್ತೆ ಹರಿಯುತ್ತದೆ, ಮಣ್ಣು ಬಾಗುತ್ತದೆ, ಒಂದಕ್ಕೊಂದು ಬೆಸೆಯುತ್ತದೆ. ಹೊರಬಂದ ಗಟ್ಟಿಯನ್ನು ನೋಡಿದರೆ ಜ್ವಾಲಾಮುಖಿಯ ಶಿಲೆಯಂತೆಯೋ ಹವಳದ ದಿಬ್ಬದಂತೆಯೋ ತೋರುತ್ತದೆ. ಮನುಷ್ಯ ಮಾಡಿದ್ದು ಯಾವುದು, ನಿಸರ್ಗ ಮಾಡಿದ್ದು ಯಾವುದು ಎಂದು ಗೆರೆ ಎಳೆಯುವುದು ಕಷ್ಟ. ಗಟ್ಟಿಯೊಳಗೆ ಎಲ್ಲಿಯೋ ಒಂದು ಬಟ್ಟಲಿನ ಹಿಡಿ, ಕೆಲಸಗಾರನೊಬ್ಬನ ಹೆಬ್ಬೆರಳಿನ ಗುರುತು ಉಳಿದಿರುತ್ತದೆ.

ನಿಸರ್ಗದ ಕಡೆಗೆ ಅವರ ದೃಷ್ಟಿ ಇನ್ನೂ ಆಳಕ್ಕೆ ಹೋಗಿದೆ. ಆ ಸೀಮೆಯ ಕೆಂಪು ಜೇಡಿಗೆ ಭೂಗರ್ಭಶಾಸ್ತ್ರಜ್ಞರು ‘ಎಟ್ರೂರಿಯ ಮಾರ್ಲ್’ ಎಂದು ಹೆಸರಿಟ್ಟಿದ್ದಾರೆ. ವೆಜ್‌ವುಡ್ಡನ ಕಾರ್ಖಾನೆಯ ಊರಿನ ಹೆಸರೇ ಒಂದು ಮಣ್ಣಿನ ಹೆಸರಾಯಿತು. ಸುಮಾರು ಮೂವತ್ತು ಕೋಟಿ ವರ್ಷಗಳ ಹಿಂದೆ, ಆ ಭೂಮಿ ಭೂಮಧ್ಯರೇಖೆಯ ಬಳಿ ಬೆಚ್ಚನೆಯ ಹವೆಯಲ್ಲಿದ್ದಾಗ, ನೀರು ಹೊತ್ತು ತಂದ ಮಣ್ಣು ಪದರಪದರವಾಗಿ ನಿಂತು ಆದದ್ದು ಅದು. ಅದರ ಕೆಳಗಿನ ಪದರಗಳಲ್ಲಿ ಕಲ್ಲಿದ್ದಲು, ಎಂದರೆ ಅದಕ್ಕಿಂತ ಹಿಂದಿನ ಕಾಡು. ಮಣ್ಣಿನಲ್ಲಿರುವ ಕಬ್ಬಿಣ ಅದಕ್ಕೆ ಕೆಂಪು ಕೊಟ್ಟಿದೆ. ಅದೇ ಮಣ್ಣನ್ನು ಧಾರಾಳ ಗಾಳಿಯಲ್ಲಿ ಸುಟ್ಟರೆ ಇಟ್ಟಿಗೆ ಕೆಂಪಾಗುತ್ತದೆ. ಹೆಚ್ಚು ಕಾವಿನಲ್ಲಿ ಗಾಳಿ ಕಡಮೆ ಮಾಡಿ ಸುಟ್ಟರೆ ಕಬ್ಬಿಣ ತನ್ನ ಆಮ್ಲಜನಕವನ್ನು ಕಳೆದುಕೊಂಡು ಇಟ್ಟಿಗೆ ನೀಲಿಗಪ್ಪಾಗುತ್ತದೆ. ನಮ್ಮ ಕುಂಬಾರರು ಆವಿಗೆಯ ಬಾಯಿ ಮುಚ್ಚಿ ಹೊಗೆ ಹಿಡಿಸಿ ಕಪ್ಪು ಗಡಿಗೆ ಮಾಡುವಾಗಲೂ ಗಾಳಿಯನ್ನು ಕಟ್ಟುವ ಇದೇ ಉಪಾಯವನ್ನು ಬಳಸುತ್ತಾರೆ. ಹೊಗೆಯ ಮಸಿಯೂ ಅಲ್ಲಿ ಜೊತೆಗೂಡುತ್ತದೆ.

೨೦೦೯ರಲ್ಲಿ ಬ್ರೌನ್ಸ್‌ವರ್ಡ್ ಯೂರೋಪಿನ ಬೇರೆ ದೇಶಗಳ ಕಲಾವಿದರೊಡನೆ ಈ ಕೆಂಪು ಮಣ್ಣಿನ ಒಂದು ದೊಡ್ಡ ಗಣಿಗೇ ಇಳಿದರು. ‘ಮಾರ್ಲ್ ಹೋಲ್’ ಎಂದು ಆ ಕೆಲಸದ ಹೆಸರು. ಅಗೆಯುವ ಯಂತ್ರ, ನೀರು, ಕೈಕಾಲು, ಇವುಗಳಿಂದ ಹಸಿಮಣ್ಣಿನೊಡನೆ ಅಲ್ಲಿಯೇ ಕೆಲಸ ಮಾಡಿದರು. ಅದನ್ನು ಚಲಚ್ಚಿತ್ರವಾಗಿ ಹಿಡಿದಿಟ್ಟರು. ಮಾರಲು ಅಲ್ಲಿಂದ ಒಂದು ಹೂಜಿಯೂ ಹೊರಬರಲಿಲ್ಲ. ಕಾರ್ಖಾನೆಯ ಶಿಸ್ತಿಗೆ ಒಳಗಾಗುವ ಮುನ್ನ ಮಣ್ಣು ಹೇಗಿರುತ್ತದೆ, ಅದಕ್ಕೆ ತನ್ನದೇ ತೂಕ, ಹಟ, ಇಚ್ಛೆ ಎಷ್ಟಿರುತ್ತದೆ ಎಂಬುದನ್ನು ನೋಡುವುದು ಅವರ ಉದ್ದೇಶವಾಗಿತ್ತು.

ಮುಚ್ಚಿದ ಸ್ಪೋಡ್ ಕಾರ್ಖಾನೆಯ ಖಾಲಿ ಕಟ್ಟಡಗಳಲ್ಲಿ ಅವರು ಮತ್ತೊಂದು ಪ್ರಯೋಗವನ್ನು ನಡೆಸಿದರು. ‘ನ್ಯಾಷನಲ್ ಟ್ರೆಷರ್’ ಎಂದು ಅದಕ್ಕೆ ಹೆಸರು. ದೇಶದ ನಿಧಿ ಎಂದರ್ಥ. ಆಯುಷ್ಯವನ್ನೆಲ್ಲ ಪಿಂಗಾಣಿಯ ಮೇಲೆ ಚಿತ್ರ ಬರೆದ ಒಬ್ಬ ಹಿರಿಯ ಕಸುಬುದಾರರನ್ನು ಕರೆದು ಕೂರಿಸಿ, ಬಿಟ್ಟುಹೋದ ತಟ್ಟೆಗಳ ಬೆನ್ನಿನ ಮೇಲೆ ಚಿತ್ರ ಬರೆಯಿಸಿದರು. ಹಿಂದೆ ಇಂಥ ತಟ್ಟೆಗಳ ಮುಖದ ಮೇಲೆ ಹಾಳುಬಿದ್ದ ಕೋಟೆ, ಮಠ, ಬಳ್ಳಿ ಹಬ್ಬಿದ ಕಮಾನುಗಳನ್ನು ಅಂದವಾಗಿ ಬರೆಯುವುದು ವಾಡಿಕೆ. ಈಗ ಅದೇ ಕೈ, ಅದೇ ನಾಜೂಕಿನಿಂದ, ಬೆನ್ನಿನ ಮೇಲೆ ಬರೆದುದು ಸೂರು ಕುಸಿದ ಪಿಂಗಾಣಿ ಕಾರ್ಖಾನೆಗಳನ್ನು. ನೋಡಲು ಬಂದವರು ಚಿತ್ರವನ್ನೂ ನೋಡಿದರು, ಬರೆಯುವ ಕೈಯನ್ನೂ ನೋಡಿದರು. ಹೆಸರಿನಲ್ಲಿರುವ ನಿಧಿ ಯಾವುದು, ತಟ್ಟೆಯೋ ಕೈಯೋ, ಎಂಬುದನ್ನು ಅವರವರೇ ನಿರ್ಧರಿಸಬೇಕಾಗಿತ್ತು.

ಇವೆಲ್ಲಕ್ಕಿಂತ ಹೆಚ್ಚು ಚರ್ಚೆಗೆ ತಕ್ಕದ್ದು ‘ಫ್ಯಾಕ್ಟರಿ’ ಎಂಬ ಕೃತಿ. ಇದು ೨೦೧೭ರಲ್ಲಿ ದಕ್ಷಿಣ ಕೊರಿಯದ ಇಚನ್ ನಗರದಲ್ಲಿ ನಡೆಯಿತು. ಎರಡು ವರ್ಷದ ಹಿಂದೆ, ೨೦೧೫ರಲ್ಲಿ, ಅದೇ ದೇಶದ ಗ್ಯೋಂಗಿ ಅಂತರರಾಷ್ಟ್ರೀಯ ಸೆರಾಮಿಕ್ ಮೇಳದ ಮಹಾಬಹುಮಾನ ಬ್ರೌನ್ಸ್‌ವರ್ಡ್‌ಗೆ ದೊರೆತಿತ್ತು. ಈ ಬಾರಿ ಅವರು ತಮ್ಮ ಊರಿನ ಹಳೆಯ ಕಸುಬುದಾರರನ್ನು ಜೊತೆಗೆ ಕರೆದೊಯ್ದರು. ಅವರಲ್ಲಿ ಪಿಂಗಾಣಿಯ ಹೂವು ಮಾಡುವ ಒಬ್ಬ ಹೆಂಗಸೂ ಇದ್ದರು.

ಪಿಂಗಾಣಿಯ ಹೂವು ಹೇಗಾಗುತ್ತದೆ ಎಂಬುದನ್ನು ಕೇಳಿ. ಅಂಗೈಗೆ ತುಸು ಎಣ್ಣೆ ಸವರಿಕೊಂಡು ಕಡಲೆ ಗಾತ್ರದ ಮಣ್ಣನ್ನು ಚಿವುಟಿ ತೆಗೆಯಬೇಕು. ಹೆಬ್ಬೆರಳಿನಿಂದ ಒತ್ತಿದರೆ ಅಂಗೈಯ ಮೇಲೆ ಅದು ದಳವಾಗುತ್ತದೆ. ಬುಡ ದಪ್ಪ, ಅಂಚು ಕಾಗದದಷ್ಟು ತೆಳು. ದಳದ ಮೇಲೆ ದಳವನ್ನು ಸುತ್ತಿದರೆ ಗುಲಾಬಿ. ಅಚ್ಚಿಲ್ಲ, ಯಂತ್ರವಿಲ್ಲ, ಬಾಚಣಿಗೆಯ ತುಂಡಿನಂಥ ಸರಳ ಉಪಕರಣಗಳಷ್ಟೆ. ನಮ್ಮ ಹೆಣ್ಣುಮಕ್ಕಳು ಮಾತಾಡುತ್ತಲೇ ಮಲ್ಲಿಗೆ ಕಟ್ಟುತ್ತಾರಲ್ಲ, ಕೈ ಅಷ್ಟೇ ಸಲೀಸಾಗಿ ಓಡುತ್ತದೆ. ಹಿಂದೆ ಈ ಕೆಲಸಕ್ಕೆ ತುಂಡುಗೂಲಿ. ಎಣಿಕೆಗೆ ತಕ್ಕ ಕಾಸು. ಬದುಕು ಕಲಿಸಿದ ವೇಗ ಅದು.

ಕೊರಿಯದಲ್ಲಿ ಆಕೆ ನೋಡುಗರ ಎದುರು ಕುಳಿತು ಹೂವಿನ ಮೇಲೆ ಹೂವು ಮಾಡಿದರು. ಒಂದೊಂದೂ ಮುಗಿದೊಡನೆ ಅದನ್ನು ಸುಡಲಿಲ್ಲ, ಮಾರಲಿಲ್ಲ. ಪಕ್ಕದ ರಾಶಿಗೆ ಎಸೆದರು. ಹಾಗೆ ಎಸೆಯಬೇಕೆಂಬುದೇ ಕಲಾವಿದರ ಸೂಚನೆ. ಹಸಿಮಣ್ಣಿನ ಹೂಗಳ ರಾಶಿ ಬೆಳೆಯುತ್ತ ಹೋಯಿತು.

ಇದೇನು ದಂಡ, ಇಷ್ಟು ಚೆಂದದ ಹೂವನ್ನು ಎಸೆಯುವುದೇ, ಎಂದು ನಿಮಗೆ ಅನ್ನಿಸಿರಬಹುದು. ಹಾಗೆ ಅನ್ನಿಸಲೆಂದೇ ಆ ಏರ್ಪಾಟು. ಒಂದು ಹೂವು ಬಿದ್ದರೆ ನಮಗೆ ನೋವಾಗುತ್ತದೆ. ಆದರೆ ಸಾವಿರ ಹೂವು ಮಾಡಬಲ್ಲ ಕೈಯನ್ನು ‘ನಾಳೆಯಿಂದ ಬರಬೇಡ’ ಎಂದು ಮನೆಗೆ ಕಳುಹಿಸಿದಾಗ ಯಾರಿಗೂ ಅಷ್ಟು ನೋವಾಗಲಿಲ್ಲ. ಕೈಯನ್ನು ಎಸೆದದ್ದು ಕಣ್ಣಿಗೆ ಕಾಣಿಸದು; ಹೂವನ್ನು ಎಸೆದದ್ದು ಕಾಣಿಸುತ್ತದೆ. ಕಾಣದ್ದನ್ನು ಕಾಣಿಸಿದ್ದು ಈ ಕೃತಿಯ ಸಾಧನೆ.

ಇದನ್ನು ಕೊರಿಯದಲ್ಲಿಯೇ ಮಾಡಿದ್ದಕ್ಕೂ ಅರ್ಥವಿದೆ. ಜಪಾನು ೧೯೫೦ರಲ್ಲಿಯೂ ಕೊರಿಯ ೧೯೬೨ರಲ್ಲಿಯೂ ಕಾಯಿದೆ ಮಾಡಿ, ಕಟ್ಟಡ ವಿಗ್ರಹಗಳನ್ನು ಕಾಪಾಡುವಂತೆ ಕುಶಲಕರ್ಮಿಯ ವಿದ್ಯೆಯನ್ನೂ ಕಾಪಾಡತಕ್ಕ ಆಸ್ತಿಯೆಂದು ಒಪ್ಪಿದವು. ಜಪಾನಿನ ಹೆಸರಾಂತ ಕುಂಬಾರ ಹಮಾಡ ಶೋಜಿಗೆ ೧೯೫೫ರಲ್ಲಿ ಆ ಗೌರವ ಸಂದಿತು. ಕೊರಿಯದ ಗುರುಗಳೂ ಇಂಗ್ಲೆಂಡಿನ ಕಾರ್ಖಾನೆಯ ಕೆಲಸಗಾರರೂ ಅಕ್ಕಪಕ್ಕ ಕುಳಿತು ಕೆಲಸ ಮಾಡಿದಾಗ ವ್ಯತ್ಯಾಸ ತಾನಾಗಿ ಕಂಡಿತು: ಅದೇ ಮಟ್ಟದ ಕೌಶಲ ಒಂದು ದೇಶದಲ್ಲಿ ಬಿರುದು, ಇನ್ನೊಂದು ದೇಶದಲ್ಲಿ ಬೇಡವಾದ ಕೆಲಸ. ಇಂಥ ಜೀವಂತ ಪರಂಪರೆಗಳನ್ನು ಕಾಪಾಡಲು ಯುನೆಸ್ಕೊ ೨೦೦೩ರಲ್ಲಿ ಮಾಡಿದ ಒಡಂಬಡಿಕೆಗೆ ಭಾರತ ೨೦೦೫ರಲ್ಲಿಯೇ ಸೇರಿತು. ಬ್ರಿಟನ್ ಸೇರಿದ್ದು ೨೦೨೪ರಲ್ಲಿ.

ಇಲ್ಲಿ ಒಂದು ಆಕ್ಷೇಪವನ್ನು ಪ್ರಾಮಾಣಿಕವಾಗಿ ಎತ್ತಬೇಕು. ಇಂಥ ಕಲೆಯಿಂದ ಮುಚ್ಚಿದ ಕಾರ್ಖಾನೆಯೊಂದಾದರೂ ತೆರೆಯಿತೆ? ಕೆಲಸ ಕಳೆದುಕೊಂಡವರಿಗೆ ಕೂಲಿ ಬಂದಿತೆ? ಇಲ್ಲ. ಕಾರ್ಖಾನೆಯನ್ನು ನಡೆಸುವುದು ಮಾರುಕಟ್ಟೆ, ಕಲಾಪ್ರದರ್ಶನವಲ್ಲ. ಹಾಳುಗೋಡೆಯ ಚಿತ್ರವನ್ನು ನೋಡಿ ನಿಟ್ಟುಸಿರು ಬಿಟ್ಟು ಮನೆಗೆ ಹೋಗುವುದು ಒಂದು ಬಗೆಯ ವಿಲಾಸವೂ ಆಗಬಹುದು. ಹಳೆಯ ಕಾರ್ಖಾನೆ ಮತ್ತೆ ಹಾಗೆಯೇ ಬರಲಿ ಎಂದು, ಧೂಳಿನಿಂದ ಎದೆ ಕೆಟ್ಟವರ ಮಕ್ಕಳು ಹಾರೈಸಲಾರರು.

ಆದರೂ ಈ ಕೆಲಸದಿಂದ ಆಗುವ ಪ್ರಯೋಜನ ಸಣ್ಣದಲ್ಲ. ಕೈಕಸುಬಿನ ವಿದ್ಯೆಗೆ ಒಂದು ವಿಚಿತ್ರ ಗುಣವಿದೆ. ಪುಸ್ತಕವನ್ನು ಕಪಾಟಿನಲ್ಲಿ ಇಟ್ಟು ನೂರು ವರ್ಷದ ಮೇಲೆ ತೆರೆದು ಓದಬಹುದು. ಕೈಯ ವಿದ್ಯೆಯನ್ನು ಹಾಗೆ ಇಡಲಾಗದು. ಒಂದು ಕೈಯಿಂದ ಇನ್ನೊಂದು ಕೈಗೆ, ಬದುಕಿರುವಾಗಲೇ, ದಾಟಬೇಕು. ಮಣ್ಣಿನ ಹದ ಎಷ್ಟೆಂದು ಕೇಳಿದರೆ ಅನುಭವಿ ‘ಮುಟ್ಟಿ ನೋಡು’ ಎನ್ನುತ್ತಾನೆ. ಆ ಮುಟ್ಟುವಿಕೆ ಒಂದು ತಲೆಮಾರು ನಿಂತರೆ ಮುಗಿಯಿತು. ಮತ್ತೆ ಬೇಕೆಂದರೂ ಸಿಕ್ಕದು. ನಾಳೆ ಯಾರಾದರೂ ಹೊಸ ಬಗೆಯ ಕಾರ್ಖಾನೆಯನ್ನು, ಧೂಳಿಲ್ಲದ, ನ್ಯಾಯದ ಕೂಲಿಯ ಕಾರ್ಖಾನೆಯನ್ನು ಕಟ್ಟಬೇಕೆಂದರೆ ಈ ವಿದ್ಯೆ ಬಂಡವಾಳವಾಗುತ್ತದೆ. ಕಸುಬುದಾರರನ್ನು ಕರೆದು, ಕೆಲಸ ಮಾಡಿಸಿ, ಚಲಚ್ಚಿತ್ರ ತೆಗೆದು, ಎಳೆಯರ ಎದುರು ಕೂರಿಸಿದ ಬ್ರೌನ್ಸ್‌ವರ್ಡ್ ಆ ಬಂಡವಾಳದ ಸ್ವಲ್ಪ ಭಾಗವನ್ನಾದರೂ ಉಳಿಸಿದ್ದಾರೆ.

ಈ ಮಾತು ಇಂಗ್ಲೆಂಡಿಗೆ ಮಾತ್ರ ಸಲ್ಲುವುದಲ್ಲ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು ೧೮೬೫ರಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ಅದನ್ನು ನಡೆಗೊಳಿಸಿದವರು ಜಾರ್ಜ್ ಪ್ಲೆಬ್ಸ್ಟ್. ನೇತ್ರಾವತಿ ಗುರುಪುರ ಹೊಳೆಗಳ ಜೇಡಿಯಿಂದ ಆದ ಆ ಕೆಂಪು ಹಂಚು ಕರಾವಳಿ ಮಲೆನಾಡುಗಳ ಸೂರು ಹೊದಿಸಿ, ಹಡಗೇರಿ ಹೊರದೇಶಗಳಿಗೂ ಹೋಯಿತು. ಅನಂತರ ನಮ್ಮವರೇ ಹಲವಾರು ಕಾರ್ಖಾನೆಗಳನ್ನು ಕಟ್ಟಿದರು. ಸಿಮೆಂಟಿನ ತಾರಸಿ ಬಂದ ಮೇಲೆ ಅವುಗಳಲ್ಲಿ ಬಹಳಷ್ಟು ಮುಚ್ಚಿವೆ. ಹಳೆಯ ಹಂಚಿನ ಬೆನ್ನಿನ ಮೇಲೆ ಕಾರ್ಖಾನೆಯ ಹೆಸರು ಒತ್ತಿರುತ್ತದೆ. ಅದನ್ನು ಒತ್ತಿದವರ ಹೆಸರು ಎಲ್ಲಿಯೂ ಇರುವುದಿಲ್ಲ.

ನಿಮ್ಮ ಊರಿನಲ್ಲಿಯೂ ಹೀಗೆ ಮುಚ್ಚಿದ ಅಥವಾ ಮುಚ್ಚುತ್ತಿರುವ ಒಂದು ಕಾರ್ಖಾನೆ ಇರಬಹುದು: ಹಂಚಿನದೋ, ಬೀಡಿಯದೋ, ನೂಲಿನ ಗಿರಣಿಯೋ, ಎಣ್ಣೆಯ ಗಾಣವೋ. ಅಲ್ಲಿ ದುಡಿದ ಹಿರಿಯರು ಇನ್ನೂ ನಿಮ್ಮ ಬೀದಿಯಲ್ಲಿಯೇ ಇರಬಹುದು. ಅವರನ್ನು ಕಂಡು ಮಾತಾಡಿಸಿ. ಏನು ಮಾಡುತ್ತಿದ್ದಿರಿ ಎಂದು ಕೇಳಿದರೆ ಒಂದೇ ಮಾತಿನ ಉತ್ತರ ಬಂದೀತು. ಹೇಗೆ ಮಾಡುತ್ತಿದ್ದಿರಿ, ಒಮ್ಮೆ ತೋರಿಸಿ, ಎಂದು ಕೇಳಿ. ಆಗ ಅವರ ಬಾಯಿಗಿಂತ ಮೊದಲು ಕೈ ಮಾತಾಡುತ್ತದೆ. ಅವರು ಬಳಸುವ ಕಸುಬಿನ ಮಾತುಗಳನ್ನು, ಉಪಕರಣದ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಮನೆಯ ಮಕ್ಕಳನ್ನೂ ಬಳಿಯಲ್ಲಿ ಕೂರಿಸಿಕೊಳ್ಳಿ. ಇದಕ್ಕೆ ಸರ್ಕಾರದ ಅಪ್ಪಣೆಯೂ ಬೇಡ, ಕಲಾಶಾಲೆಯ ಪದವಿಯೂ ಬೇಡ. ಒಂದು ಸಂಜೆಯ ಬಿಡುವು ಸಾಕು.